ಮರೆತವರನ್ನು ಮರೆಯದ ವೈದ್ಯ: ಡಾ. ಆಲೋಯಿಸ್ ಆಲ್ಝೈಮರ್

ಶಾಲೆಯ ನೂರು ವರ್ಷಗಳ ನೆನಪುಗಳನ್ನು ಒಂದೆಡೆ ಕೂಡಿಸುವ ಕಾರ್ಯವನ್ನು ಕೈಗೆತ್ತಿಕೊಂಡಾಗ ನಾವು ಗಡಹಿಂಗ್ಲಜ ಪಟ್ಟಣದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಇರುವ ಹಿರಿಯ ವಿದ್ಯಾರ್ಥಿಗಳ ಮನೆಗಳಿಗೆ ಹೋಗಿಬಂದೆವು. ಹೆಚ್ಚಿನ ಮನೆಗಳಲ್ಲಿ ನಮ್ಮನ್ನು ಕೂರಿಸಿ, ಹಳೆಯ ಗುರುಗಳ ಹೆಸರು, ಮಳೆಗಾಲದಲ್ಲಿ ಸೋರುತ್ತಿದ್ದ ಕೊಠಡಿ, ಹಿರಣ್ಯಕೇಶಿಗೆ ನೆರೆ ಬಂದಾಗಿನ ರಜೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕೆಲವು ಮನೆಗಳಲ್ಲಿ ಮಾತ್ರ ಮಕ್ಕಳು, ಸೊಸೆಯಂದಿರು ನಮ್ಮನ್ನು ಪಡಸಾಲೆಯಲ್ಲಿಯೇ ತಡೆದು, ದನಿ ತಗ್ಗಿಸಿ, ಅಜ್ಜನವರಿಗೆ ಈಗ ಏನೂ ನೆನಪಿಲ್ಲವೆಂದೂ ಕೇಳಿ ಪ್ರಯೋಜನವಿಲ್ಲವೆಂದೂ ತಿಳಿಸಿದರು. ಒಂದು ಮನೆಯಲ್ಲಿ ಎಂಬತ್ತು ದಾಟಿದ ತಾಯಿಯವರು ಎದುರಿಗೆ ನಿಂತ ಮಗನನ್ನು ಯಾರೋ ಪರಸ್ಥಳದವರೆಂದು ತಿಳಿದಿದ್ದರು. ಪೇಟೆಯಲ್ಲಿ ಜೀವಮಾನವಿಡೀ ಆಡಿದ ಮರಾಠಿ ಅವರ ನಾಲಗೆಯಿಂದ ಜಾರಿಹೋಗಿತ್ತು. ಆದರೆ ನಮ್ಮಲ್ಲೊಬ್ಬರು ಕನ್ನಡದಲ್ಲಿ ಎರಡರ ಮಗ್ಗಿಯನ್ನು ಆರಂಭಿಸಿದೊಡನೆ ಅವರು ದನಿಗೂಡಿಸಿ ಇಪ್ಪತ್ತರವರೆಗೂ ತಪ್ಪದೆ ನಡೆಸಿಕೊಟ್ಟರು. ಮನೆಯವರು ಬೆರಗಾಗಿ ನೋಡುತ್ತಿದ್ದರು.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ವಯಸ್ಸಾದವರ ಮರೆವನ್ನು ಈ ಒಂದು ಮಾತಿನಲ್ಲಿ ಮುಚ್ಚಿಟ್ಟು ಸುಮ್ಮನಾಗುವುದು ನಮ್ಮ ರೂಢಿ. ಇದು ನಮ್ಮ ಸೀಮೆಗಷ್ಟೇ ಸೀಮಿತವಾದ ರೂಢಿಯೂ ಅಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಯುರೋಪಿನ ದೊಡ್ಡ ದೊಡ್ಡ ವೈದ್ಯರೂ ಹೀಗೆಯೇ ಸುಮ್ಮನಾಗಿದ್ದರು. ಆಗ ಒಬ್ಬ ವೈದ್ಯರು ಮಾತ್ರ ಸುಮ್ಮನಾಗದೆ, ಎಲ್ಲವನ್ನೂ ಮರೆತ ಒಬ್ಬ ಹೆಂಗಸಿನ ಎದುರು ಕುರ್ಚಿ ಎಳೆದುಕೊಂಡು ಕುಳಿತು, ಕೇಳಿದರು, ಕೇಳಿದುದನ್ನು ಬರೆದಿಟ್ಟರು. ಇಂದು ಅವರ ಹೆಸರು ಜಗತ್ತಿನ ಎಲ್ಲ ಭಾಷೆಗಳಲ್ಲಿಯೂ ಒಂದು ರೋಗದ ಹೆಸರಾಗಿ ಬಳಕೆಯಲ್ಲಿದೆ. ಅವರ ಬದುಕು ಮಾತ್ರ ಹೆಚ್ಚಿನವರಿಗೆ ತಿಳಿಯದು. ಈ ಸಂಚಿಕೆಯಲ್ಲಿ ಆ ಬದುಕನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸಿದೆವು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಆಲೋಯಿಸ್ ಆಲ್ಝೈಮರ್ ಅವರು 1864ರ ಜೂನ್ 14ರಂದು ಜರ್ಮನಿಯ ಬವೇರಿಯಾ ಪ್ರಾಂತದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಮೈನ್ ನದಿಯ ದಂಡೆಯಲ್ಲಿರುವ ಊರದು. ತಂದೆ ಎಡುವಾರ್ಡ್ ಅವರು ಸರ್ಕಾರದ ನೋಟರಿಯಾಗಿದ್ದರು. ಅವರ ಮೊದಲ ಪತ್ನಿ ಒಂದು ಗಂಡುಮಗುವನ್ನು ಹೆತ್ತು ಬಾಣಂತಿತನದಲ್ಲಿಯೇ ತೀರಿಕೊಂಡಿದ್ದರು. ಬಳಿಕ ಆಕೆಯ ತಂಗಿ ತೆರೇಸಿಯಾ ಅವರನ್ನು ಎಡುವಾರ್ಡ್ ಮದುವೆಯಾದರು. ಈ ದಂಪತಿಗಳ ಮಗನೇ ಆಲೋಯಿಸ್. ಅಕ್ಕ ತೀರಿಕೊಂಡ ಮನೆಗೆ ತಂಗಿ ಬಂದು ಮಗುವನ್ನು ಸಾಕುವ ಇಂಥ ಸಂಬಂಧಗಳು ನಮ್ಮ ಕಡೆಯ ಹಳೆಯ ತಲೆಮಾರಿಗೆ ಅಪರಿಚಿತವಲ್ಲ.

ಮಗನ ವಿದ್ಯಾಭ್ಯಾಸಕ್ಕಾಗಿ ಅವರನ್ನು ಅಷಾಫೆನ್‌ಬುರ್ಗ್ ನಗರದ ಪ್ರೌಢಶಾಲೆಗೆ ಸೇರಿಸಲಾಯಿತು. ಅಲ್ಲಿ ಆಲೋಯಿಸ್ ನಿಸರ್ಗ ವಿಜ್ಞಾನದಲ್ಲಿ ಎದ್ದುಕಾಣುವ ವಿದ್ಯಾರ್ಥಿಯಾಗಿದ್ದರು. 1882ರಲ್ಲಿ, ಶಾಲೆಯ ಅಂತಿಮ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ಕಾಲದಲ್ಲಿ, ತಾಯಿಯವರು ನಿಧನ ಹೊಂದಿದರು. ಆ ದುಃಖದ ನಡುವೆಯೇ ಅವರು ಮರುವರ್ಷ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವೈದ್ಯಕೀಯ ಶಿಕ್ಷಣವನ್ನು ಆರಿಸಿಕೊಂಡರು.

ಬರ್ಲಿನ್, ವುರ್ಜ್‌ಬರ್ಗ್, ಟ್ಯೂಬಿಂಗನ್ ವಿಶ್ವವಿದ್ಯಾಲಯಗಳಲ್ಲಿ ಅವರು ವ್ಯಾಸಂಗ ಮಾಡಿದರು. ಗೆಳೆಯರ ಕೂಟಗಳಲ್ಲಿ ಹುರುಪಿನಿಂದ ಬೆರೆಯುವ ಎತ್ತರದ ತರುಣನಾಗಿದ್ದ ಅವರ ಮುಖದ ಎಡಭಾಗದಲ್ಲಿ ವಿದ್ಯಾರ್ಥಿ ಸಂಘದ ಕತ್ತಿಕಾಳಗವೊಂದರ ಗಾಯದ ಗುರುತು ಜೀವಮಾನವಿಡೀ ಉಳಿಯಿತು. ಮುಂದೆ ಛಾಯಾಚಿತ್ರ ತೆಗೆಸಿಕೊಳ್ಳುವಾಗಲೆಲ್ಲ ಆ ಮಗ್ಗುಲನ್ನು ಮರೆಮಾಡುತ್ತಿದ್ದರೆಂದು ಪ್ರತೀತಿ. ವುರ್ಜ್‌ಬರ್ಗಿನಲ್ಲಿ ಆಲ್ಬರ್ಟ್ ಫಾನ್ ಕೋಲಿಕರ್ ಎಂಬ ಪ್ರಸಿದ್ಧ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಅವರಿಗೆ ಸೂಕ್ಷ್ಮದರ್ಶಕದ ಗೀಳು ಹತ್ತಿತು. 1887ರಲ್ಲಿ ವೈದ್ಯ ಪದವಿಗಾಗಿ ಅವರು ಬರೆದ ಪ್ರಬಂಧ ಮೆದುಳಿಗೆ ಸಂಬಂಧಿಸಿದ್ದೇ ಅಲ್ಲ, ಕಿವಿಯಲ್ಲಿ ಗುಗ್ಗೆ ಸ್ರವಿಸುವ ಗ್ರಂಥಿಗಳನ್ನು ಕುರಿತದ್ದು. ಆದರೆ ಕಣ್ಣಿಗೆ ಕಾಣದುದನ್ನು ತಾಳ್ಮೆಯಿಂದ ನೋಡುವ ಅಭ್ಯಾಸ ಅಲ್ಲಿಯೇ ಕುದುರಿತು.

ಫ್ರಾಂಕ್‌ಫರ್ಟಿನ ಆಸ್ಪತ್ರೆ

1888ರ ಡಿಸೆಂಬರಿನಲ್ಲಿ ಇಪ್ಪತ್ತನಾಲ್ಕರ ಆಲ್ಝೈಮರ್ ಅವರು ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಮತ್ತು ಮೂರ್ಛೆರೋಗಿಗಳ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾಗಿ ಸೇರಿದರು. ಆ ಆಸ್ಪತ್ರೆಯ ಹುಟ್ಟಿನ ಕಥೆ ಶಾಲೆಯ ಸಂಚಿಕೆಯಲ್ಲಿ ಹೇಳಲು ಯೋಗ್ಯವಾದುದು. ಅದನ್ನು ಕಟ್ಟಿಸಿದ ಹೈನ್ರಿಷ್ ಹಾಫ್‌ಮನ್ ಎಂಬ ವೈದ್ಯರು ಮಕ್ಕಳ ಸಾಹಿತಿಯೂ ಆಗಿದ್ದರು. ತಮ್ಮ ಪುಟ್ಟ ಮಗನಿಗೆ ಕೊಡಲು ಒಳ್ಳೆಯ ಪುಸ್ತಕ ಅಂಗಡಿಯಲ್ಲಿ ದೊರೆಯದೆ ತಾವೇ ಪದ್ಯ ಬರೆದು, ಚಿತ್ರ ಬಿಡಿಸಿ ಮಾಡಿಕೊಟ್ಟ ಸ್ಟ್ರುವ್ವೆಲ್‌ಪೀಟರ್ ಎಂಬ ಪುಸ್ತಕ ಇಂದಿಗೂ ಜರ್ಮನಿಯ ಮನೆಮನೆಗಳಲ್ಲಿದೆ. ಅದೇ ಹಾಫ್‌ಮನ್ ಅವರು ಮಾನಸಿಕ ರೋಗಿಗಳಿಗೂ ಗಾಳಿ ಬೆಳಕು ಬೇಕೆಂದು ಊರಿನಿಂದ ದೇಣಿಗೆ ಕೂಡಿಸಿ ಹೊಸ ಆಸ್ಪತ್ರೆಯನ್ನು ಎಬ್ಬಿಸಿದ್ದರು. ಅದು ಬಾಗಿಲು ತೆರೆದದ್ದು ಆಲ್ಝೈಮರ್ ಹುಟ್ಟಿದ 1864ರಲ್ಲಿಯೇ.

ಹಾಫ್‌ಮನ್ ಅವರ ನಂತರ ಅಧಿಕಾರ ವಹಿಸಿಕೊಂಡ ಎಮಿಲ್ ಸಿಯೋಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೋಗಿಗಳನ್ನು ಕಟ್ಟಿಹಾಕುವುದನ್ನೂ ಬಲವಂತದ ಬಂಧನವನ್ನೂ ಸಾಧ್ಯವಾದಷ್ಟು ನಿಲ್ಲಿಸಬೇಕೆಂಬುದು ಅವರ ಧೋರಣೆ. ತಳಮಳಗೊಂಡವರಿಗೆ ಬೆಚ್ಚನೆಯ ನೀರಿನ ದೀರ್ಘ ಸ್ನಾನ, ಹಾಸಿಗೆಯ ವಿಶ್ರಾಂತಿ, ಕೈತೋಟದ ಕೆಲಸ, ಎಲ್ಲಕ್ಕಿಂತ ಮಿಗಿಲಾಗಿ ವೈದ್ಯರೊಡನೆ ಮಾತುಕತೆ, ಇವೇ ಅಲ್ಲಿನ ಚಿಕಿತ್ಸೆ. ಆಲ್ಝೈಮರ್ ಅವರು ಈ ಪದ್ಧತಿಯನ್ನು ಮನಸಾರೆ ಒಪ್ಪಿಕೊಂಡರು. ಹಗಲೆಲ್ಲ ವಾರ್ಡುಗಳಲ್ಲಿ ರೋಗಿಗಳ ಮಗ್ಗುಲಲ್ಲಿ ಕುಳಿತು ಮಾತನಾಡಿಸುವರು. ಸಂಜೆಯಾದೊಡನೆ ಸೂಕ್ಷ್ಮದರ್ಶಕದ ಮುಂದೆ ಕೂಡುವರು.

ಸಂಜೆಯ ಕೆಲಸಕ್ಕೆ ಅವರಿಗೊಬ್ಬ ಜೊತೆಗಾರ ದೊರೆತರು. 1889ರಲ್ಲಿ ಬಂದು ಸೇರಿದ ಫ್ರಾಂಜ್ ನಿಸ್ಲ್ ಎಂಬ ಆ ತರುಣ ವೈದ್ಯರು ನರಕೋಶಗಳಿಗೆ ಬಣ್ಣ ಹಚ್ಚಿ ಅವುಗಳ ಒಳರೂಪವನ್ನು ಕಾಣಿಸುವ ಹೊಸ ವಿಧಾನವನ್ನು ವಿದ್ಯಾರ್ಥಿಯಾಗಿದ್ದಾಗಲೇ ಕಂಡುಹಿಡಿದಿದ್ದರು. ಬಟ್ಟೆಗೆ ಬಣ್ಣ ಹಾಕಿದಾಗ ನೂಲಿನ ಎಳೆಗಳು ಬೇರೆಬೇರೆಯಾಗಿ ಕಾಣುವಂತೆ, ತೆಳ್ಳಗೆ ಕೊಯ್ದ ಮೆದುಳಿನ ತುಣುಕಿಗೆ ಬಣ್ಣ ಹಾಕಿದಾಗ ಕೋಶಗಳು ಒಂದೊಂದಾಗಿ ಎದ್ದು ತೋರುತ್ತಿದ್ದವು. ಮನಸ್ಸಿನ ರೋಗಕ್ಕೆ ಮೆದುಳಿನಲ್ಲಿ ಕುರುಹು ಇದ್ದೇ ಇರಬೇಕೆಂಬುದು ಈ ಗೆಳೆಯರಿಬ್ಬರ ನಂಬಿಕೆ. ಆ ನಂಬಿಕೆಯಿಂದ ಅವರು ರಾತ್ರಿಗಳನ್ನು ಹಗಲು ಮಾಡಿದರು.

1894ರಲ್ಲಿ ಆಲ್ಝೈಮರ್ ಅವರು ವಜ್ರದ ವ್ಯಾಪಾರಿಯೊಬ್ಬರ ವಿಧವೆಯಾಗಿದ್ದ ಸೆಸಿಲಿ ಗೈಸನ್‌ಹೈಮರ್ ಅವರನ್ನು ವಿವಾಹವಾದರು. ಸಂಸಾರ ಸುಖಮಯವಾಗಿತ್ತು. ಗೆರ್ಟ್ರೂಡ್, ಹಾನ್ಸ್, ಮರಿಯಾ ಎಂಬ ಮೂವರು ಮಕ್ಕಳು ಹುಟ್ಟಿದರು. ಆದರೆ 1901ರ ಆರಂಭದಲ್ಲಿ ಸೆಸಿಲಿ ಕಾಯಿಲೆಯಿಂದ ತೀರಿಕೊಂಡರು. ಕಿರಿಯ ಮಗು ಹಿಂದಿನ ವರ್ಷವಷ್ಟೇ ಹುಟ್ಟಿತ್ತು. ಮದುವೆಯಾಗದೆ ಉಳಿದಿದ್ದ ತಂಗಿ ಎಲಿಜಬೆತ್ ಬಂದು ಮಕ್ಕಳ ಹೊಣೆ ಹೊತ್ತರು. ಮೂವತ್ತಾರರ ವಯಸ್ಸಿನಲ್ಲಿ ಹೆಂಡತಿಯನ್ನು ಕಳೆದುಕೊಂಡ ಆಲ್ಝೈಮರ್ ಅವರು ತಮ್ಮನ್ನು ಇನ್ನಷ್ಟು ಕೆಲಸದಲ್ಲಿ ಮುಳುಗಿಸಿಕೊಂಡರು. ಮತ್ತೆ ವಿವಾಹವಾಗಲಿಲ್ಲ.

ಔಗುಸ್ಟೆ ಎಂಬ ರೋಗಿ

ಅದೇ ವರ್ಷದ ನವೆಂಬರ್ 25ರಂದು ರೈಲ್ವೆ ಕಚೇರಿಯ ಗುಮಾಸ್ತರೊಬ್ಬರು ತಮ್ಮ ಪತ್ನಿಯನ್ನು ಕರೆದುಕೊಂಡು ಆಸ್ಪತ್ರೆಗೆ ಬಂದರು. ಆಕೆಯ ಹೆಸರು ಔಗುಸ್ಟೆ ಡೆಟರ್, ವಯಸ್ಸು ಐವತ್ತೊಂದು. ಅಲ್ಲಿಯವರೆಗೆ ಅಚ್ಚುಕಟ್ಟಾಗಿ ಮನೆ ನಡೆಸಿಕೊಂಡು ಬಂದ ಗೃಹಿಣಿ. ಮೊದಲು ಗಂಡನ ಮೇಲೆ ಕಾರಣವಿಲ್ಲದ ಸಂಶಯ ಹುಟ್ಟಿತು. ಬಳಿಕ ಅಡುಗೆ ಕೆಡತೊಡಗಿತು. ವಸ್ತುಗಳನ್ನು ಎಲ್ಲೆಲ್ಲಿಯೋ ಬಚ್ಚಿಟ್ಟು ಹುಡುಕುವುದು, ಮನೆಯೊಳಗೆ ಗೊತ್ತುಗುರಿಯಿಲ್ಲದೆ ಅಲೆಯುವುದು, ರಾತ್ರಿ ನಿದ್ರೆಯಿಲ್ಲದೆ ಕೂಗಾಡುವುದು ಆರಂಭವಾಯಿತು. ಇನ್ನು ತಮ್ಮಿಂದ ಸಾಧ್ಯವಿಲ್ಲವೆಂದಾದಾಗ ಗಂಡ ಆಸ್ಪತ್ರೆಯ ಬಾಗಿಲಿಗೆ ಬಂದಿದ್ದರು. ಇಂಥ ಸ್ಥಿತಿಯವರನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿರುವ ಓದುಗರಿಗೆ ಆ ಮನುಷ್ಯನ ಆಯಾಸವನ್ನು ನಾವು ವಿವರಿಸಬೇಕಿಲ್ಲ.

ಮರುದಿನ ಆಲ್ಝೈಮರ್ ಅವರು ಆಕೆಯ ಎದುರು ಕುಳಿತರು. ಹೆಸರೇನೆಂದು ಕೇಳಿದರು. ಔಗುಸ್ಟೆ ಎಂಬ ಉತ್ತರ ಬಂತು. ಗಂಡನ ಹೆಸರು ಕೇಳಿದರು. ಅದಕ್ಕೂ ಔಗುಸ್ಟೆ ಎಂಬುದೇ ಉತ್ತರ. ಪೆನ್ಸಿಲು, ಲೇಖನಿ, ಕೀಲಿಕೈ, ಹಣದ ಚೀಲ, ದಿನಚರಿ ಪುಸ್ತಕಗಳನ್ನು ಒಂದೊಂದಾಗಿ ತೋರಿಸಿದಾಗ ಎಲ್ಲವನ್ನೂ ಸರಿಯಾಗಿ ಹೆಸರಿಸಿದಳು. ಸ್ವಲ್ಪ ಹೊತ್ತಿನ ಬಳಿಕ ಏನೇನು ತೋರಿಸಿದೆನೆಂದು ಕೇಳಿದರೆ ಒಂದೂ ನೆನಪಿರಲಿಲ್ಲ. ಊಟದ ಹೊತ್ತಿನಲ್ಲಿ ತಟ್ಟೆಯಲ್ಲಿದ್ದುದು ಮಾಂಸ ಮತ್ತು ಹೂಕೋಸು. ತಾನು ತಿನ್ನುತ್ತಿರುವುದು ಪಾಲಕ್ ಎಂದಳು. ಮೊಟ್ಟೆಗಳ ಬೆಲೆಯ ಸಣ್ಣ ಲೆಕ್ಕವೂ ಬಿಡಿಸಲಾಗದ ಕಗ್ಗಂಟಾಗಿತ್ತು. ತನ್ನ ಹೆಸರನ್ನು ಬರೆಯಲು ಹೇಳಿದಾಗ ಶ್ರೀಮತಿ ಎಂಬರ್ಥದ ಮೊದಲ ಪದವನ್ನು ಬರೆದು, ಮುಂದೇನೆಂದು ತಿಳಿಯದೆ ಕೈ ನಿಂತಿತು. ತಾನು ತನ್ನನ್ನೇ ಕಳೆದುಕೊಂಡಿದ್ದೇನೆ ಎಂಬ ಅರ್ಥ ಬರುವ ಮಾತನ್ನು ಆಕೆ ಮತ್ತೆ ಮತ್ತೆ ಆಡುತ್ತಿದ್ದಳು.

ಈ ಪ್ರಶ್ನೋತ್ತರವನ್ನು ಆಲ್ಝೈಮರ್ ಅವರು ಶಬ್ದಕ್ಕೆ ಶಬ್ದ ಬರೆದುಕೊಂಡರು. ಒಂದು ದಿನವಲ್ಲ, ದಿನ ಬಿಟ್ಟು ದಿನ. ಅದುವರೆಗೆ ಇಂಥ ರೋಗಿಯ ಕಡತದಲ್ಲಿ ಬುದ್ಧಿ ಭ್ರಮಣೆಯಾಗಿದೆ ಎಂಬ ಒಂದು ಸಾಲು ಸಾಕಾಗುತ್ತಿತ್ತು. ಆಲ್ಝೈಮರ್ ಅವರಿಗೆ ಅದು ಸಾಲಲಿಲ್ಲ. ಯಾವುದು ಹೋಗಿದೆ, ಯಾವುದು ಉಳಿದಿದೆ, ಯಾವುದು ಬೆಳಿಗ್ಗೆ ಇದ್ದು ಸಂಜೆಗೆ ಮರೆಯಾಗುತ್ತದೆ ಎಂಬುದನ್ನೆಲ್ಲ ಅವರು ಲೆಕ್ಕವಿಟ್ಟರು. ಇಂದು ಸ್ಮೃತಿ ಚಿಕಿತ್ಸಾಲಯಗಳಲ್ಲಿ ಕೆಲವು ವಸ್ತುಗಳ ಹೆಸರು ಹೇಳಿ, ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳುವ ಪರೀಕ್ಷೆಯನ್ನು ಕಂಡವರಿಗೆ ಅದರ ಹಳೆಯ ರೂಪ ಇಲ್ಲಿಯೇ ಕಾಣಿಸುತ್ತದೆ. ಔಗುಸ್ಟೆಯನ್ನು ಮುಪ್ಪಿನವಳೆನ್ನುವಂತಿರಲಿಲ್ಲ. ಮುಪ್ಪು ಬರುವ ಮೊದಲೇ ಮುಪ್ಪಿನ ಮರೆವು ಬಂದಿರುವಾಗ ಅದಕ್ಕೆ ವಯಸ್ಸನ್ನು ಹೊಣೆ ಮಾಡುವುದು ಹೇಗೆ? ಈ ಪ್ರಶ್ನೆ ಅವರ ಬೆನ್ನು ಹತ್ತಿತು.

ಮ್ಯೂನಿಕ್ಕಿನ ಪ್ರಯೋಗಾಲಯ

ಆಗಿನ ಜರ್ಮನಿಯ ಮನೋವೈದ್ಯರಲ್ಲಿ ಅಗ್ರಗಣ್ಯರಾಗಿದ್ದ ಎಮಿಲ್ ಕ್ರೆಪೆಲಿನ್ ಅವರ ಆಹ್ವಾನದ ಮೇರೆಗೆ ಆಲ್ಝೈಮರ್ ಅವರು ಫ್ರಾಂಕ್‌ಫರ್ಟನ್ನು ಬಿಟ್ಟು ಹೈಡೆಲ್‌ಬರ್ಗಿಗೂ, 1903ರಲ್ಲಿ ಮ್ಯೂನಿಕ್ಕಿಗೂ ಹೋದರು. ಮ್ಯೂನಿಕ್ಕಿನಲ್ಲಿ ಅಂಗರಚನಾ ಪ್ರಯೋಗಾಲಯದ ನೇತೃತ್ವ ದೊರೆಯಿತು, ಸಂಬಳ ದೊರೆಯಲಿಲ್ಲ. ಪತ್ನಿಯಿಂದ ಬಂದ ಆಸ್ತಿಯ ಬಲದಿಂದ ಸಂಸಾರ ನಡೆಸುತ್ತ, ಪ್ರಯೋಗಾಲಯಕ್ಕೂ ಕೈಯಿಂದ ಖರ್ಚು ಮಾಡುತ್ತ ಅವರು ದುಡಿದರು.

ಅವರು ಎಂಥ ಗುರುಗಳಾಗಿದ್ದರೆಂಬುದಕ್ಕೆ ಶಿಷ್ಯರ ಪಟ್ಟಿಯೇ ಸಾಕ್ಷಿ. ಇಟಲಿಯಿಂದ ಬಂದ ಗಾಯೆಟಾನೊ ಪೆರುಸಿನಿ, ಮುಂದೆ ತಮ್ಮ ಹೆಸರಿನಿಂದಲೇ ಮೆದುಳಿನ ಬೇರೆ ರೋಗಗಳನ್ನು ಗುರುತಿಸುವಂತೆ ಮಾಡಿದ ಫ್ರೆಡ್ರಿಕ್ ಲೆವಿ ಮತ್ತು ಆಲ್ಫನ್ಸ್ ಯಾಕೋಬ್ ಅವರಲ್ಲಿ ಕೆಲವರು. ಅಮೆರಿಕೆಯಿಂದ ಬಂದಿದ್ದ ಸಾಲಮನ್ ಕಾರ್ಟರ್ ಫುಲ್ಲರ್ ಎಂಬ ಕಪ್ಪುಜನಾಂಗದ ವೈದ್ಯರಿಗೂ ಆ ಪ್ರಯೋಗಾಲಯದಲ್ಲಿ ಸ್ಥಾನವಿತ್ತು. ಅವರ ಅಜ್ಜ ಗುಲಾಮಗಿರಿಯಲ್ಲಿ ಹುಟ್ಟಿದವರು. ಆಲ್ಝೈಮರ್ ಅವರು ಒಬ್ಬೊಬ್ಬ ವಿದ್ಯಾರ್ಥಿಯ ಮೇಜಿನ ಬಳಿಗೂ ಹೋಗಿ, ಪಕ್ಕದಲ್ಲಿ ಕುಳಿತು, ಸೂಕ್ಷ್ಮದರ್ಶಕದಲ್ಲಿ ಕಾಣುವುದನ್ನು ಬಿಡಿಸಿ ಹೇಳುತ್ತಿದ್ದರು. ಹೇಳುವ ಭರದಲ್ಲಿ ಕೈಯಲ್ಲಿದ್ದ ಚುಟ್ಟಾವನ್ನು ಅಲ್ಲಿಯೇ ಇಟ್ಟು ಮರೆತು ಮುಂದಿನ ಮೇಜಿಗೆ ಹೋಗುವರು. ಸಂಜೆಯ ಹೊತ್ತಿಗೆ ಪ್ರತಿ ಮೇಜಿನ ಮೇಲೂ ಒಂದೊಂದು ಅರೆಸುಟ್ಟ ಚುಟ್ಟಾ ಉಳಿದಿರುತ್ತಿತ್ತೆಂದು ಶಿಷ್ಯರು ನೆನೆಯುತ್ತಿದ್ದರು. ಮರೆವನ್ನು ಅಧ್ಯಯನ ಮಾಡಿದವರ ಮರೆವು ಇದು! ಮಗ್ನತೆಯ ಮರೆವಿಗೂ ರೋಗದ ಮರೆವಿಗೂ ಎಷ್ಟು ಅಂತರವೆಂಬುದನ್ನು ಇದೇ ತೋರಿಸುತ್ತದೆ.

ಊರು ಬಿಟ್ಟರೂ ಔಗುಸ್ಟೆಯನ್ನು ಅವರು ಮರೆಯಲಿಲ್ಲ. ಆಕೆಯ ಸ್ಥಿತಿಯನ್ನು ಫ್ರಾಂಕ್‌ಫರ್ಟಿನಿಂದ ವಿಚಾರಿಸುತ್ತಲೇ ಇದ್ದರು. ಆಕೆ ಕ್ರಮೇಣ ಮಾತು ಬಿಟ್ಟು, ಹಾಸಿಗೆ ಹಿಡಿದು, ಮೈಗೆ ಹಾಸಿಗೆಹುಣ್ಣುಗಳಾಗಿ, ಅದರ ನಂಜೇರಿ 1906ರ ಏಪ್ರಿಲ್ 8ರಂದು ಕೊನೆಯುಸಿರೆಳೆದಳು. ಸಿಯೋಲಿ ಅವರು ಆಕೆಯ ಕಡತವನ್ನೂ ಮೆದುಳನ್ನೂ ಮ್ಯೂನಿಕ್ಕಿಗೆ ಕಳುಹಿಸಿಕೊಟ್ಟರು.

ಬೆಳ್ಳಿಯ ಲವಣವನ್ನು ಬಳಸಿ ನರತಂತುಗಳನ್ನು ಕಪ್ಪಾಗಿ ಕಾಣಿಸುವ ಹೊಸ ವಿಧಾನವೊಂದನ್ನು ಕೆಲವೇ ವರ್ಷಗಳ ಹಿಂದೆ ಮ್ಯಾಕ್ಸ್ ಬೀಲ್‌ಷೋವ್‌ಸ್ಕಿ ಎಂಬವರು ಕಂಡುಹಿಡಿದಿದ್ದರು. ಆ ವಿಧಾನದಿಂದ ಔಗುಸ್ಟೆಯ ಮೆದುಳಿನ ತೆಳುಪದರಗಳನ್ನು ನೋಡಿದಾಗ ಆಲ್ಝೈಮರ್ ಅವರಿಗೆ ಮೂರು ಸಂಗತಿಗಳು ಕಂಡವು. ಮೆದುಳು ಸೊರಗಿ ಅದರ ಹೊರಪದರ ತೆಳುವಾಗಿತ್ತು. ಕೋಶಗಳ ನಡುವಣ ಜಾಗದಲ್ಲಿ ವಿಚಿತ್ರ ವಸ್ತುವೊಂದರ ಸಣ್ಣ ಸಣ್ಣ ಗಡ್ಡೆಗಳು ಚದುರಿಕೊಂಡಿದ್ದವು. ಕೋಶಗಳ ಒಳಗೆ, ಸಿಕ್ಕಾದ ನೂಲಿನ ಉಂಡೆಯಂತೆ, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗೋಜಲಾಗಿದ್ದವು. ಕೆಲವೆಡೆ ಕೋಶವೇ ಅಳಿದು ಗೋಜಲು ಮಾತ್ರ ಉಳಿದಿತ್ತು. ಗಡ್ಡೆಗಳನ್ನು ಮುದುಕರ ಮೆದುಳಿನಲ್ಲಿ ಬೇರೆಯವರೂ ಕಂಡಿದ್ದರು. ಪ್ರಾಗ್ ನಗರದಲ್ಲಿ ಆಸ್ಕರ್ ಫಿಷರ್ ಎಂಬ ವೈದ್ಯರು ಅದೇ ಕಾಲದಲ್ಲಿ ಅವುಗಳನ್ನು ಆಳವಾಗಿ ಅಭ್ಯಸಿಸುತ್ತಿದ್ದರು. ಗೋಜಲನ್ನು ಹೀಗೆ ವರ್ಣಿಸಿದವರಲ್ಲಿ ಆಲ್ಝೈಮರ್ ಮೊದಲಿಗರು. ನಾಲ್ಕೂವರೆ ವರ್ಷಗಳ ಹಿಂದೆ ಒಂದು ಕೈ ಹೆಸರು ಬರೆಯಲಾಗದೆ ನಿಂತುದಕ್ಕೆ ಕಾರಣದ ಕುರುಹು ಅವರ ಕಣ್ಣ ಮುಂದಿತ್ತು.

ಯಾರೂ ಪ್ರಶ್ನೆ ಕೇಳದ ಭಾಷಣ

1906ರ ನವೆಂಬರ್ 3ರಂದು ಟ್ಯೂಬಿಂಗನ್ನಿನಲ್ಲಿ ನೈಋತ್ಯ ಜರ್ಮನಿಯ ಮನೋವೈದ್ಯರ ಸಮ್ಮೇಳನ ನಡೆಯಿತು. ಆಲ್ಝೈಮರ್ ಅವರು ಔಗುಸ್ಟೆಯ ಬದುಕಿನ ಕೊನೆಯ ವರ್ಷಗಳನ್ನೂ ಮೆದುಳಿನಲ್ಲಿ ಕಂಡುದನ್ನೂ ಸಭೆಯ ಮುಂದಿಟ್ಟರು. ಭಾಷಣ ಮುಗಿಯಿತು. ಅಧ್ಯಕ್ಷರು ಪ್ರಶ್ನೆಗಳಿವೆಯೇ ಎಂದು ಸಭೆಯತ್ತ ನೋಡಿದರು. ಯಾರೂ ಬಾಯಿ ತೆರೆಯಲಿಲ್ಲ. ಸಭೆ ಮುಂದಿನ ಭಾಷಣಕ್ಕೆ ಸಾಗಿತು. ಮರುವರ್ಷ ಆ ಉಪನ್ಯಾಸ ಎರಡು ಮೂರು ಪುಟಗಳ ಲೇಖನವಾಗಿ ಅಚ್ಚಾಯಿತು.

ಇಂಥ ಮೌನ ಬೇರೆಯವರನ್ನು ಕುಗ್ಗಿಸುತ್ತಿತ್ತೋ ಏನೋ. ಆಲ್ಝೈಮರ್ ಅವರು ಇನ್ನಷ್ಟು ಸಾಕ್ಷ್ಯ ಕೂಡಿಸಲು ಹೊರಟರು. ಶಿಷ್ಯ ಪೆರುಸಿನಿ ಅವರು ಔಗುಸ್ಟೆಯ ಪ್ರಕರಣದ ಜೊತೆಗೆ ಇನ್ನೂ ಮೂರು ಪ್ರಕರಣಗಳನ್ನು ಪರೀಕ್ಷಿಸಿ ಪ್ರಕಟಿಸಿದರು. 1910ರಲ್ಲಿ ಕ್ರೆಪೆಲಿನ್ ಅವರು ತಮ್ಮ ಪ್ರಸಿದ್ಧ ಪಠ್ಯಗ್ರಂಥದ ಎಂಟನೆಯ ಆವೃತ್ತಿಯಲ್ಲಿ ಇದನ್ನು ಆಲ್ಝೈಮರ್ ರೋಗವೆಂದು ಹೆಸರಿಸಿದರು. ಹೆಸರಿಗೆ ಕಾರಣರಾದವರು ಮಾತ್ರ ಹಿಗ್ಗಿ ಮೈಮರೆಯಲಿಲ್ಲ. ಇದು ನಿಜಕ್ಕೂ ಪ್ರತ್ಯೇಕ ರೋಗವೇ, ಅಥವಾ ಮುಪ್ಪಿನ ಮರೆವಿನ ರೋಗವೇ ಬೇಗ ಬಂದು ಉಗ್ರವಾದುದೇ ಎಂಬ ಸಂದೇಹವನ್ನು 1911ರ ತಮ್ಮ ದೀರ್ಘ ಲೇಖನದಲ್ಲಿ ಅವರೇ ಎತ್ತಿದರು. ತಮ್ಮ ಹೆಸರಿನ ಕೀರ್ತಿಗಿಂತ ಸತ್ಯದ ನಿಷ್ಕರ್ಷೆ ದೊಡ್ಡದೆಂದು ತಿಳಿದವರ ನಡೆ ಇದು.

1912ರಲ್ಲಿ ಅವರಿಗೆ ಬ್ರೆಸ್ಲೌ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿ ಒಲಿದು ಬಂತು. ಇಂದು ಆ ಊರು ಪೋಲೆಂಡ್ ದೇಶದಲ್ಲಿದೆ. ಆದರೆ ಅಲ್ಲಿಗೆ ಹೋಗುವ ರೈಲಿನಲ್ಲಿಯೇ ಅವರು ಕಾಯಿಲೆ ಬಿದ್ದರು. ಸೋಂಕು ಹೃದಯಕ್ಕೆ ಇಳಿದಿತ್ತು. ಪೂರ್ಣ ಚೇತರಿಕೆ ಮತ್ತೆ ಆಗಲೇ ಇಲ್ಲ. ಅದರ ಮೇಲೆ ಮಹಾಯುದ್ಧ ಬಂದೆರಗಿತು. ಮೂರು ವರ್ಷ ಹಾಗೆಯೇ ದುಡಿದು, 1915ರ ಡಿಸೆಂಬರ್ 19ರಂದು ಅವರು ಇಹಲೋಕ ತ್ಯಜಿಸಿದರು. ಫ್ರಾಂಕ್‌ಫರ್ಟಿನ ಸ್ಮಶಾನದಲ್ಲಿ ಪತ್ನಿ ಸೆಸಿಲಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಆಗ ಅವರ ವಯಸ್ಸು ಐವತ್ತೊಂದು. ಔಗುಸ್ಟೆ ಆಸ್ಪತ್ರೆಯ ಮೆಟ್ಟಿಲೇರಿದಾಗ ಆಕೆಗಿದ್ದ ವಯಸ್ಸೂ ಅಷ್ಟೇ.

ಅವರ ನಂತರ, ಮತ್ತು ನಮ್ಮ ನಾಡಿನಲ್ಲಿ

ಆಲ್ಝೈಮರ್ ಅವರ ಮರಣಾನಂತರ ಅರ್ಧ ಶತಮಾನದ ಕಾಲ ಈ ರೋಗವನ್ನು ಅಪರೂಪದ್ದೆಂದೂ ಅರವತ್ತೈದರ ಒಳಗಿನವರಿಗೆ ಮಾತ್ರ ಬರುವಂಥದೆಂದೂ ಎಣಿಸಲಾಗಿತ್ತು. ಅದಕ್ಕಿಂತ ಹಿರಿಯರ ಮರೆವು ವಯಸ್ಸಿನ ಸಹಜ ಫಲವೆಂದು ವಿದ್ವಾಂಸರೂ ಬಗೆದಿದ್ದರು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಮಾರ್ಟಿನ್ ರಾತ್ ಮತ್ತು ಅವರ ಸಹೋದ್ಯೋಗಿಗಳು ತೀರಿಕೊಂಡ ವೃದ್ಧರ ಮೆದುಳುಗಳನ್ನು ಪರೀಕ್ಷಿಸಿ, ಅವರು ಬದುಕಿದ್ದಾಗ ಇದ್ದ ಮರೆವಿಗೂ ಆಲ್ಝೈಮರ್ ಕಂಡಿದ್ದ ಗಡ್ಡೆಗಳ ಸಂಖ್ಯೆಗೂ ಸಂಬಂಧವಿದೆಯೆಂದು ತೋರಿಸಿದರು. ಆಗ ಜಗತ್ತಿಗೆ ತಿಳಿಯಿತು: ಅರಳುಮರಳು ಎಂದು ಕರೆದು ಕೈಬಿಟ್ಟ ಎಷ್ಟೋ ಮಂದಿ ಔಗುಸ್ಟೆಯ ರೋಗದಿಂದಲೇ ನರಳುತ್ತಿದ್ದರು.

ಇಲ್ಲಿ ನಮ್ಮ ನಾಡಿನೊಡನೆ ಒಂದು ಎಳೆ ಕೂಡಿಕೊಳ್ಳುತ್ತದೆ. ಮಾರ್ಟಿನ್ ರಾತ್ ಅವರೊಡನೆ ಮನೋವೈದ್ಯದ ಪ್ರಸಿದ್ಧ ಪಠ್ಯಗ್ರಂಥವನ್ನು ಬರೆದವರಲ್ಲಿ ವಿಲಿ ಮೇಯರ್-ಗ್ರಾಸ್ ಒಬ್ಬರು. ಆಲ್ಝೈಮರ್ ಅವರ ಗೆಳೆಯ ನಿಸ್ಲ್ ಮುಖ್ಯಸ್ಥರಾಗಿದ್ದ ಹೈಡೆಲ್‌ಬರ್ಗ್ ಚಿಕಿತ್ಸಾಲಯದಲ್ಲಿ ವೃತ್ತಿ ಆರಂಭಿಸಿದ ಅವರು ಯಹೂದಿಯಾಗಿದ್ದುದರಿಂದ 1933ರಲ್ಲಿ ಜರ್ಮನಿಯನ್ನು ತೊರೆಯಬೇಕಾಯಿತು. ಅದೇ ಮೇಯರ್-ಗ್ರಾಸ್ ಅವರು 1950ರ ದಶಕದಲ್ಲಿ ಬೆಂಗಳೂರಿಗೆ ಬಂದು, ಡಾ. ಎಂ. ವಿ. ಗೋವಿಂದಸ್ವಾಮಿ ಅವರು ಮುನ್ನಡೆಸುತ್ತಿದ್ದ ಮಾನಸಿಕ ಆರೋಗ್ಯ ಸಂಸ್ಥೆಯ ಆರಂಭದ ದಿನಗಳಲ್ಲಿ ಮಾರ್ಗದರ್ಶನ ನೀಡಿದರು. 1954ರಲ್ಲಿ ಆರಂಭವಾದ ಆ ಅಖಿಲ ಭಾರತ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಫ್ರಾಂಕ್‌ಫರ್ಟಿನ ಸಂಜೆಗಳಲ್ಲಿ ಇಬ್ಬರು ಗೆಳೆಯರು ಹಚ್ಚಿದ ದೀಪದ ಬೆಳಕು ಹೀಗೆ ಕೈಯಿಂದ ಕೈಗೆ ದಾಟಿ ಕನ್ನಡ ನಾಡಿಗೂ ಬಂತು.

2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯಿದೆ. ಆಲ್ಝೈಮರ್ ರೋಗ ಅದರ ಮುಖ್ಯ ಕಾರಣಗಳಲ್ಲಿ ಒಂದು. ಹಾಗೆಯೇ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಅದು ಇಲ್ಲವೆಂಬುದನ್ನೂ ಗಮನಿಸಬೇಕು. ಮುಪ್ಪು ಬೇರೆ, ರೋಗ ಬೇರೆ.

ನಮ್ಮ ಗಡಿಸೀಮೆಯವರಿಗೆ ವಿಶೇಷವಾಗಿ ಸಲ್ಲುವ ಇನ್ನೊಂದು ಸಂಗತಿಯಿದೆ. ನರವೈದ್ಯೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಭ್ಯಸಿಸಿ 2013ರಲ್ಲಿ ಒಂದು ಫಲಿತಾಂಶವನ್ನು ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆಗಳನ್ನು ಆಡುವವರಲ್ಲಿ ಡಿಮೆನ್ಷಿಯಾದ ಲಕ್ಷಣಗಳು ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಂಡುಬಂದಿದ್ದವು. ಶಾಲೆಯ ಮುಖ ಕಾಣದವರಲ್ಲಿಯೂ ಈ ಅಂತರವಿತ್ತು. ಎರಡು ಭಾಷೆ ಬಲ್ಲವರಿಗೆ ರೋಗ ಬರುವುದೇ ಇಲ್ಲವೆಂದು ಇದರ ಅರ್ಥವಲ್ಲ. ಎಲ್ಲ ದೇಶಗಳ ಅಧ್ಯಯನಗಳೂ ಒಂದೇ ಮಾತು ಹೇಳುತ್ತಿಲ್ಲ. ಆದರೂ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆದ ನಮಗೆ, ಎರಡು ನುಡಿಗಳ ನಡುವಣ ಈ ಓಡಾಟ ಭಾರವೆಂದು ಕೆಲವೊಮ್ಮೆ ಕೊರಗುವ ಪಾಲಕರಿಗೆ, ಇದು ಸಮಾಧಾನದ ಸುದ್ದಿ.

ನಾವು ಕಲಿಯಬೇಕಾದುದು

ಆಲ್ಝೈಮರ್ ಅವರು ರೋಗಕ್ಕೆ ಮದ್ದು ಕಂಡುಹಿಡಿಯಲಿಲ್ಲ. ಅದನ್ನು ಬುಡಸಮೇತ ಕೀಳುವ ಮದ್ದು ಇಂದಿಗೂ ಇಲ್ಲ. ಲಕ್ಷಣಗಳನ್ನು ಸ್ವಲ್ಪಮಟ್ಟಿಗೆ ಹದಗೊಳಿಸುವ, ಏರುಗತಿಯನ್ನು ಕೊಂಚ ನಿಧಾನಿಸುವ ಔಷಧಗಳಷ್ಟೇ ಇವೆ. ಅವರು ಬಿಟ್ಟುಹೋದುದು ಒಂದು ಕ್ರಮವನ್ನು: ಮರೆವನ್ನು ಕಂಡಾಗ ಕಡೆಗಣಿಸದಿರುವುದು, ಎದುರು ಕುಳಿತು ಕೇಳುವುದು, ಕಂಡುದನ್ನು ಬರೆದಿಡುವುದು. ಈ ಕ್ರಮ ಮನೆಯವರಿಗೂ ಸಾಧ್ಯವಾದುದು. ಹಣದ ಲೆಕ್ಕ ತಪ್ಪುವುದು, ಪರಿಚಿತ ದಾರಿಯಲ್ಲಿ ದಿಕ್ಕುಗೆಡುವುದು, ಈಗಷ್ಟೇ ಕೇಳಿದುದನ್ನು ಮತ್ತೆ ಮತ್ತೆ ಕೇಳುವುದು, ಸ್ವಭಾವವೇ ಬದಲಾಗುವುದು ಇವು ಕಂಡಾಗ ಎಂದಿನಿಂದ, ಎಷ್ಟು ಸಲ ಎಂಬುದನ್ನು ಗುರುತು ಹಾಕಿಕೊಂಡು ವೈದ್ಯರ ಬಳಿಗೆ ಹೋದರೆ ಅರ್ಧ ಕೆಲಸವಾದಂತೆ. ಏಕೆಂದರೆ ಎಲ್ಲ ಮರೆವೂ ಆಲ್ಝೈಮರ್ ರೋಗವಲ್ಲ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ಅಡ್ಡಪರಿಣಾಮ, ತಲೆಗೆ ಬಿದ್ದ ಪೆಟ್ಟು ಇವುಗಳಿಂದ ಬಂದ ಮರೆವನ್ನು ಎಷ್ಟೋ ಸಲ ಗುಣಪಡಿಸಬಹುದು. ರಕ್ತಪರೀಕ್ಷೆಗಳು ಊರಿನಲ್ಲಿಯೇ ಆಗುತ್ತವೆ. ಮುಂದಿನ ತಪಾಸಣೆಗೆ ಕೊಲ್ಹಾಪುರ, ಬೆಳಗಾವಿಗಳ ನರವೈದ್ಯರಿದ್ದಾರೆ. ಧಾರವಾಡದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿದೆ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ 14416 ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಉತ್ತರಿಸುತ್ತದೆ.

ಆರೈಕೆಯ ಪಾಠವೂ ಆ ಹಳೆಯ ಆಸ್ಪತ್ರೆಯಲ್ಲಿಯೇ ಇದೆ. ಕಟ್ಟಿಹಾಕದೆ, ಗದರಿಸದೆ, ನೆನಪಿಲ್ಲವೇ ಎಂದು ನಾಲ್ವರೆದುರು ಹಂಗಿಸದೆ, ದಿನದ ಕೆಲಸಗಳನ್ನು ಒಂದೇ ಹೊತ್ತಿಗೆ ಒಂದೇ ರೀತಿಯಲ್ಲಿ ನಡೆಸುತ್ತ, ಉಳಿದಿರುವುದನ್ನು ಹಿಡಿದು ಮಾತನಾಡಿಸಬೇಕು. ಹಾಸಿಗೆ ಹಿಡಿದವರನ್ನು ಆಗಾಗ ಮಗ್ಗುಲು ಬದಲಿಸಿ ಮಲಗಿಸಬೇಕು. ಔಗುಸ್ಟೆಯ ಪ್ರಾಣ ತೆಗೆದುದು ಹಾಸಿಗೆಹುಣ್ಣಿನ ನಂಜು. ನೋಡಿಕೊಳ್ಳುವವರಿಗೂ ಬಿಡುವು ಬೇಕು. ಆ ಹೊರೆ ಒಬ್ಬಳೇ ಸೊಸೆಯ ಅಥವಾ ಒಬ್ಬಳೇ ಮಗಳ ಹೆಗಲ ಮೇಲೆ ಬೀಳದಂತೆ ಮನೆಮಂದಿಯೆಲ್ಲ ಹಂಚಿಕೊಳ್ಳಬೇಕು.

1995ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಯ ಹಳೆಯ ಕಡತಗಳ ನಡುವೆ ಔಗುಸ್ಟೆಯ ಕಳೆದುಹೋಗಿದ್ದ ಕಡತ ಮತ್ತೆ ದೊರೆಯಿತು. ಆಲ್ಝೈಮರ್ ಅವರ ಕೈಬರಹದ ಟಿಪ್ಪಣಿಗಳೂ ಆಕೆ ಬರೆಯಲು ಯತ್ನಿಸಿದ ತನ್ನ ಹೆಸರಿನ ಹಾಳೆಯೂ ಆಕೆಯ ಛಾಯಾಚಿತ್ರವೂ ಅದರಲ್ಲಿದ್ದವು. ತನ್ನ ಹೆಸರನ್ನೇ ಮರೆತವಳ ಹೆಸರನ್ನು ಇಂದು ಜಗತ್ತು ಬಲ್ಲದು. ಒಬ್ಬರು ಬರೆದಿಟ್ಟರೆಂಬುದೇ ಅದಕ್ಕೆ ಕಾರಣ.

ಈ ಸಂಚಿಕೆಯ ಕೊನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಹೆಸರುಗಳ ಪಟ್ಟಿಯಿದೆ. ಎರಡರ ಮಗ್ಗಿಯನ್ನು ಒಪ್ಪಿಸಿದ ಆ ತಾಯಿಯವರ ಹೆಸರೂ ಅವರ ತಂಡದ ವರ್ಷದ ಕೆಳಗೆ ಎಲ್ಲರ ಜೊತೆಯಲ್ಲಿಯೇ ಇದೆ. ಶಾಲೆಯನ್ನು ಅವರು ಮರೆತಿರಬಹುದು. ಶಾಲೆ ಅವರನ್ನು ಮರೆತಿಲ್ಲ.